ಎಂಟು ಕೋಣೆಯ ಆಕೃತಿಗೆ ಕನ್ನಡದ ಹೆಸರಿಲ್ಲವೆ?

ನಾಲ್ಕನೆಯ ಆಯಾಮದ ಜ್ಯಾಮಿತಿಗೆ ಕನ್ನಡವೇಕೆ ಎಂದು ಮೂಗು ಮುರಿಯುವ ಪಂಡಿತರು ನಮ್ಮಲ್ಲಿದ್ದಾರೆ. ಉದ್ದ, ಅಗಲ, ಎತ್ತರ ಮುಗಿದೊಡನೆ ಕನ್ನಡವೂ ಮುಗಿಯಿತೆಂಬುದು ಅವರ ತೀರ್ಪು. ಈ ತೀರ್ಪಿಗೆ ಆಧಾರವೇನು?

ಅವರು ಕೈಮುಗಿಯುವ ಗ್ರೀಕ್ ಹೆಸರುಗಳನ್ನೇ ಬಿಡಿಸಿ ನೋಡೋಣ. ಚಪ್ಪಟೆ ಆಕೃತಿಯ ಹೆಸರಿನ ಬಾಲ 'ಗಾನ್', ಎಂದರೆ ಮೂಲೆ. ಘನಾಕೃತಿಯದು 'ಹೆಡ್ರನ್', ಎಂದರೆ ಪೀಠ. ನಾಲ್ಕು ಆಯಾಮದ ಆಕೃತಿಗೆ ಇಪ್ಪತ್ತನೆಯ ಶತಮಾನದ ಗಣಿತಜ್ಞರು ಅಂಟಿಸಿದ್ದು 'ಕೋರಾನ್'. ಎಂದರೆ ಎಡೆ, ಕೋಣೆ. ಎಲ್ಲವೂ ಮನೆಬಳಕೆಯ ಮಾತುಗಳೇ! ಅಲ್ಲಿಂದಾಚೆಗೆ ಅವರಿಗೂ ಮಾತು ಸಾಲದೆ, ಅಳತೆಯ ಪಟ್ಟಿಯ ಟೆರ, ಪೆಟಗಳನ್ನು ಎರವಲು ತಂದು 'ಟೆರಾನ್', 'ಪೆಟಾನ್' ಎಂದರು.

ನಾವು ಮಾಡಿದ್ದೇನು? ಶಾಲೆಯಲ್ಲಿ ತ್ರಿಭುಜ, ಚತುರ್ಭುಜ, ಷಡ್ಭುಜ ಎಂದು ಗಿಳಿಪಾಠ ಒಪ್ಪಿಸಿಕೊಂಡು, ಪಿ.ಯು. ವಿಜ್ಞಾನದ ಬಾಗಿಲಲ್ಲಿ ಅವನ್ನೂ ಕಳಚಿಸಿ ಇಂಗ್ಲಿಷ್ ತೊಡಿಸುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ಹುಡುಗರು ಒಂದೇ ಆಕೃತಿಯನ್ನು ಎರಡು ಸಲ ಬಾಯಿಪಾಠ ಮಾಡಬೇಕು. ಎರಡು ಸಲವೂ ಅರ್ಥ ಕೈಗೆ ಸಿಕ್ಕದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದರಾಸನ್ನು ಬಿಟ್ಟು 1953ರಲ್ಲಿ ಮೈಸೂರಿಗೆ ಸೇರಿದ್ದು ಕನ್ನಡದ ಹೆಸರಿನಲ್ಲಿ. ನೆಲ ಕನ್ನಡದ್ದಾಗಿ ಪಾಠ ಪರರದ್ದಾದರೆ ಗೆದ್ದದ್ದೇನು?

ಮಾತಿಗೆ ಬರವಿಲ್ಲ. ಕೊಟ್ಟೂರಿನ ಬಡಗಿಗೆ ಮೂಲೆಮಟ್ಟವೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಬ್ರಹ್ಮನನ್ನು ನಾಲ್ಮೊಗನೆಂದೂ ಷಣ್ಮುಖನನ್ನು ಆರುಮೊಗನೆಂದೂ ಕರೆಯಬಲ್ಲ ಭಾಷೆ ನಮ್ಮದು. ನಾಲ್ಕು ಮುಖದ ಘನವನ್ನು ನಾಲ್ಮೊಗವೆಂದೂ ದಾಳದಂಥ ಘನವನ್ನು ಆರುಮೊಗವೆಂದೂ ಕರೆದರೆ ಯಾರಿಗೆ ತಿಳಿಯದು? ಮುಂದಿನ ಮೆಟ್ಟಿಲಿಗೆ 'ಕೋಣೆ' ಸಿದ್ಧವಾಗಿಯೇ ಇದೆ. ಮುಖಗಳು ಘನವನ್ನು ಸುತ್ತುವರಿಯುವಂತೆ, ನಾಲ್ಕನೆಯ ಆಯಾಮದ ಆಕೃತಿಯನ್ನು ಘನಗಳೇ ಸುತ್ತುವರಿಯುತ್ತವೆ. ಸ್ವಿಟ್ಸರ್ಲೆಂಡಿನ ಲೂಡ್ವಿಗ್ ಶ್ಲೇಫ್ಲಿ 1850ರ ಸುಮಾರಿಗೆ ಕಂಡ ಅಂಥ ಕ್ರಮಾಕೃತಿಗಳು ಆರು: ಐಗೋಣೆ, ಎಣ್ಗೋಣೆ, ಹದಿನಾರುಗೋಣೆ, ಇಪ್ಪತ್ತನಾಲ್ಕುಗೋಣೆ, ನೂರಿಪ್ಪತ್ತುಗೋಣೆ, ಆರುನೂರುಗೋಣೆ. ಐದು ಮತ್ತು ಅದಕ್ಕೆ ಮೇಲ್ಪಟ್ಟ ಪ್ರತಿ ಆಯಾಮದಲ್ಲಿ ಕ್ರಮಾಕೃತಿಗಳು ಮೂರೇ. ಅಲ್ಲಿಗೆ ರೈತ ಬಲ್ಲ 'ಮೇರೆ' ಸಾಕು: ಐದಾಯಾಮದ ಹತ್ತುಮೇರೆ, ಆರಾಯಾಮದ ಹನ್ನೆರಡುಮೇರೆ.

ಎಣ್ಗೋಣೆಯೆಂದರೆ ನಗು ಬರುತ್ತದೆಯಂತೆ. ಅದೇ ಆಕೃತಿಗೆ ಇಂಗ್ಲೆಂಡಿನ ಹಿಂಟನ್ 1888ರಲ್ಲಿ 'ಟೆಸೆರಾಕ್ಟ್' ಎಂಬ ಹೊಸ ಪದವನ್ನೇ ಕಟ್ಟಿದ; ಅದಕ್ಕೆ ನಾವು ನಗಲಿಲ್ಲ! ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡ ಪದ್ಯಕ್ಕೇ ಇಳಿಸಿದನಲ್ಲ, ಅವನಿಗಿದ್ದ ಧೈರ್ಯದಲ್ಲಿ ಅರ್ಧವಾದರೂ ನಮಗಿರಬೇಡವೆ?

ಪಾರಿಭಾಷಿಕ ಪದ ಕಟ್ಟಲು ಕೂರುವ ಮಹನೀಯರಲ್ಲಿ ಒಂದೇ ಬಿನ್ನಹ: ನಿಘಂಟು ತೆರೆಯುವ ಮೊದಲು ಹಡಗಲಿಯ ಒಬ್ಬ ಬಡಗಿಯನ್ನೂ ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಬ್ಬರಿಗೂ ತಿಳಿದ ಹೆಸರೇ ಪುಸ್ತಕ ಸೇರಲಿ.