ವಿಮಾನ ಹಾರೋದು ಯಾರ ನೆತ್ತಿ ಮೇಲೆ?

ಇವತ್ತು ಒಂದು ಮಿಲಿಟರಿ ವಿಮಾನದ ಬಗ್ಗೆ ಬರೀತಿದ್ದೀನಿ. 'ಅಮೆರಿಕದ ವಿಮಾನ ಕಟ್ಕೊಂಡು ನಮಗೇನಾಗ್ಬೇಕು' ಅನ್ಬೇಡಿ, ಕೊನೇವರೆಗೂ ಓದಿ.

ಟಿಲ್ಟ್ ರೋಟರ್ ಅಂದ್ರೆ ಹೆಲಿಕಾಪ್ಟರ್ ಥರ ನಿಂತಲ್ಲೇ ಮೇಲೆದ್ದು, ಆಮೇಲೆ ರೋಟರುಗಳನ್ನ ಮುಂದಕ್ಕೆ ಬಾಗಿಸಿಕೊಂಡು ವಿಮಾನದ ಥರ ಹಾರೋ ಯಂತ್ರ. ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳ ಜಾಗಕ್ಕೆ ಅಂತ 2022ರ ಡಿಸೆಂಬರ್‌ನಲ್ಲಿ ಅಮೆರಿಕ ಸೇನೆ ಬೆಲ್ ಕಂಪನಿಯ ವಿ-280 ಆರಿಸಿಕೊಂಡಿತು. ಈಗ ಅದರ ಹೆಸರು ಎಂವಿ-75. ಹಳೆಯ ಆಸ್ಪ್ರೇಯಲ್ಲಿ ಇಡೀ ಎಂಜಿನ್ನೇ ಬಾಗುತ್ತೆ. ಇದರಲ್ಲಿ ಎಂಜಿನ್ ಇದ್ದಲ್ಲೇ ಇರುತ್ತೆ, ರೋಟರ್ ಮಾತ್ರ ಬಾಗುತ್ತೆ. ಹಾಗಾಗಿ ಇದು ಹಳೇದಕ್ಕಿಂತ ಸರಳ ಅಂತ ಹೇಳ್ತಿದ್ದಾರೆ. ಇರಬಹುದು. ಎಂಜಿನಿಯರುಗಳ ಶ್ರಮವನ್ನ ನಾನು ಅಲ್ಲಗಳೆಯಲ್ಲ.

ಆದರೆ ಆಸ್ಪ್ರೇ ಬಗ್ಗೆಯೂ ಹಿಂದೆ ಹೀಗೇ ಭರವಸೆ ಕೊಟ್ಟಿದ್ದರು. 2000ದ ಏಪ್ರಿಲ್‌ನಲ್ಲಿ ಅರಿಜೋನಾದಲ್ಲಿ ಬಿದ್ದು ಒಂದೇ ಸಲಕ್ಕೆ 19 ಸೈನಿಕರು ಸತ್ತರು. ಅದಾದ ಮೇಲೆ, ನಿರ್ವಹಣೆಯ ದಾಖಲೆ ತಿದ್ದಿ ಅಂತ ಮೆಕ್ಯಾನಿಕ್‌ಗಳಿಗೆ ಹೇಳಿದ ಆರೋಪದಲ್ಲಿ ಸ್ಕ್ವಾಡ್ರನ್ ಕಮಾಂಡರನ್ನೇ 2001ರಲ್ಲಿ ತೆಗೆದು ಹಾಕಬೇಕಾಯ್ತು. 2023ರ ನವೆಂಬರ್‌ನಲ್ಲಿ ಜಪಾನಿನ ಯಾಕುಶಿಮಾ ಹತ್ತಿರ ಸಮುದ್ರಕ್ಕೆ ಬಿದ್ದು ಮತ್ತೆ ಎಂಟು ಜನ ಸತ್ತರು. ಸತ್ತವರೂ ಸಂಬಳಕ್ಕೆ ದುಡಿಯೋ ಜನಾನೇ, ಅದನ್ನ ಮರೆಯೋದು ಬೇಡ.

ಈಗ ಕೆಳಗಿರೋರ ವಿಷಯಕ್ಕೆ ಬರೋಣ. ಓಕಿನಾವಾ ಜಪಾನಿನ ಒಟ್ಟು ನೆಲದಲ್ಲಿ ಶೇ. 0.6 ಮಾತ್ರ. ಅಮೆರಿಕ ಸೇನೆಗಂತಲೇ ಮೀಸಲಾದ ನೆಲದಲ್ಲಿ ಮಾತ್ರ ಸುಮಾರು ಶೇ. 70 ಅಲ್ಲೇ ಇದೆ. ಅಲ್ಲಿಗೆ ಆಸ್ಪ್ರೇ ತರ್ತೀವಿ ಅಂದಾಗ 41 ಸ್ಥಳೀಯ ಸಂಸ್ಥೆಗಳೂ ವಿರೋಧಿಸಿದವು. 2012ರ ಸೆಪ್ಟೆಂಬರ್‌ನಲ್ಲಿ ಬೃಹತ್ ಸಮಾವೇಶ ಆಯ್ತು, ಒಂದು ಲಕ್ಷ ಜನ ಸೇರಿದ್ರು ಅಂತ ಸಂಘಟಕರು ಹೇಳಿದ್ರು. ಮುಂದಿನ ತಿಂಗಳೇ ವಿಮಾನ ಬಂದಿಳೀತು.

ತಾಕಾಏ ಅಂತ ಓಕಿನಾವಾದ ಉತ್ತರದ ಕಾಡಂಚಿನಲ್ಲಿ ಸುಮಾರು 150 ಜನರ ಊರಿದೆ. ಅದರ ಸುತ್ತ ಆಸ್ಪ್ರೇ ಇಳಿಯೋಕೆ ಹೆಲಿಪ್ಯಾಡ್ ಕಟ್ಟೋಕೆ ಹೊರಟರು. ಊರವರು 2007ರಿಂದ ಧರಣಿ ಕೂತ್ರು. 2016ರಲ್ಲಿ ಬೇರೆ ಪ್ರಾಂತ್ಯಗಳಿಂದ ನೂರಾರು ಪೊಲೀಸರನ್ನ ಕರೆಸಿದ್ರು. ಅವರಲ್ಲಿ ಒಸಾಕಾದಿಂದ ಬಂದ ಒಬ್ಬ ಪೊಲೀಸಪ್ಪ ಪ್ರತಿಭಟನಾಕಾರರನ್ನ 'ದೋಜಿನ್' ಅಂತ ಬೈದ. ನಾಗರಿಕತೆ ಇಲ್ಲದ ಜನ ಅಂತ ಅದರ ಧಾಟಿ. 1903ರಲ್ಲಿ ಅದೇ ಒಸಾಕಾದ ವಸ್ತುಪ್ರದರ್ಶನದಲ್ಲಿ ಓಕಿನಾವಾದ ಹೆಂಗಸರನ್ನ ಪ್ರದರ್ಶನದ ವಸ್ತುಗಳ ಹಾಗೆ ಕೂರಿಸಿದ್ದರು. ನೂರು ವರ್ಷ ಕಳೆದ್ರೂ ಬೈಗುಳ ಸತ್ತಿರಲಿಲ್ಲ.

ಸರ್ಕಾರ ಏನಂತು ಗೊತ್ತಾ? ಓಕಿನಾವಾ ಉಸ್ತುವಾರಿ ಮಂತ್ರಿ, ಇದು ತಾರತಮ್ಯ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದ್ರು. ದೌರ್ಜನ್ಯದ ಕೇಸು ಹಿಡಿದು ಠಾಣೆ ಮೆಟ್ಟಿಲು ಹತ್ತಿದ ನಮ್ಮವರಿಗೆ ಈ ಮಾತಿನ ಪರಿಚಯ ಮಾಡಿಸಬೇಕಾ? 'ಜಾತಿ ಹಿಡಿದು ಬೈದಿಲ್ಲ ಬಿಡಪ್ಪಾ, ಏನೋ ಸಿಟ್ಟಲ್ಲಿ ಅಂದಿದಾನೆ.' ಅದೇ ವರ್ಷ ಡಿಸೆಂಬರ್‌ನಲ್ಲಿ ಓಕಿನಾವಾ ಕರಾವಳಿಯಲ್ಲಿ ಆಸ್ಪ್ರೇ ಬಿತ್ತು. ದೂರು ಹೇಳೋಕೆ ಹೋದ ಉಪ ಗವರ್ನರ್‌ಗೆ ಅಮೆರಿಕದ ಜನರಲ್, ಮನೆಗಳ ಮೇಲೆ ಬೀಳಿಸಲಿಲ್ಲವಲ್ಲ, ಪೈಲಟ್‌ಗೆ ಥ್ಯಾಂಕ್ಸ್ ಹೇಳಿ ಅನ್ನೋ ಧಾಟಿಯಲ್ಲಿ ಮಾತಾಡಿದರಂತೆ.

ಇನ್ನೊಂದು ಕಡೆ ನೋಡಿ. ಜಪಾನ್ ತನ್ನ ಸ್ವಂತ ಆಸ್ಪ್ರೇಗಳನ್ನ ಸಾಗಾ ಅನ್ನೋ ಪ್ರಾಂತ್ಯದಲ್ಲಿ ಇಡ್ತೀವಿ ಅಂತ 2014ರಲ್ಲೇ ಕೇಳಿತ್ತು. ಅಲ್ಲಿನ ಮೀನುಗಾರರ ಸಂಘದ ಹತ್ತಿರ ಒಂದು ಹಳೇ ಒಪ್ಪಂದದ ಕಾಗದ ಇತ್ತು: ಈ ವಿಮಾನ ನಿಲ್ದಾಣವನ್ನ ಸೇನೆಗೆ ಬಿಟ್ಟುಕೊಡಲ್ಲ ಅಂತ. ಅವರು ಒಪ್ಪೋವರೆಗೂ, ಅಂದ್ರೆ 2022ರವರೆಗೂ, ಸರ್ಕಾರ ಕಾಯ್ತು. ವಿಮಾನ ಬಂದಿದ್ದು 2025ರ ಜುಲೈನಲ್ಲಿ. ಅದು ಜಪಾನ್ ಸೇನೆ, ಇದು ಅಮೆರಿಕ ಸೇನೆ, ಹೋಲಿಸಬೇಡಿ ಅಂತ ಯಾರಾದ್ರೂ ಅನ್ನಬಹುದು. ಹಾರೋದು ಅದೇ ವಿಮಾನ ಅಲ್ವಾ? ಒಂದು ಕಡೆ ಒಪ್ಪಿಗೆಗೆ ಎಂಟು ವರ್ಷ ಕಾದ್ರು, ಇನ್ನೊಂದು ಕಡೆ ಪೊಲೀಸರನ್ನ ಕಳಿಸಿದ್ರು.

ಹೊಸ ವಿಮಾನದ ಗೇರ್‌ಬಾಕ್ಸ್ ಎಷ್ಟೇ ಗಟ್ಟಿ ಇರಲಿ, ಈ ವ್ಯತ್ಯಾಸವನ್ನ ಅದು ಸರಿ ಮಾಡಲ್ಲ. ಎಲ್ಲಿ ಇಳಿಸಬೇಕು, ಯಾರ ಊರ ಮೇಲೆ ತರಬೇತಿ ನಡೀಬೇಕು ಅನ್ನೋದನ್ನ ತೀರ್ಮಾನ ಮಾಡೋದು ಯಂತ್ರ ಅಲ್ಲ, ಅಧಿಕಾರ. ಅದಕ್ಕೇ ಹೇಳೋದು: ಯಾವುದೇ ಯೋಜನೆ ಬಂದಾಗ ತಂತ್ರಜ್ಞಾನದ ಹೊಗಳಿಕೆ ಕೇಳಿ ಸುಮ್ಮನಾಗಬೇಡಿ. ಕೆಳಗಿರೋ ಜನರ ಲಿಖಿತ ಒಪ್ಪಿಗೆ ಎಲ್ಲಿದೆ ಅಂತ ಮೊದಲು ಕೇಳಿ. ನಿಮ್ಮ ಹತ್ತಿರ ಇರೋ ಕಾಗದವನ್ನ ಜೋಪಾನ ಮಾಡಿ. ಸಾಗಾದ ಮೀನುಗಾರರಿಗೆ ಇದ್ದಿದ್ದು ಅದೊಂದೇ ಬಲ.

ತಾಕಾಏ ಜನರಿಗೆ ನನ್ನ ಜೈ ಭೀಮ್.