ಪುಣೆ ವಾಕಡದ ಕನ್ನಡಿಗರೇ, ನೌಕರಿ ಬಿಡಬೇಡಿ, ಸೈನ್ಯಕ್ಕೆ ಬನ್ನಿ!

ಬೆಳಗ್ಗೆ ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಕೊರಳಿಗೆ ಐಡಿ ಕಾರ್ಡ್ ತೂಗಿಸಿಕೊಂಡು ಹಿಂಜವಡಿಯ ಐಟಿ ಕಂಪನಿಗಳತ್ತ ಮುಖ ಮಾಡಿ ನಿಂತವರಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೇನೂ ಕಮ್ಮಿಯಿಲ್ಲ. ಒಂದು ಕಾಲಕ್ಕೆ ಸೇನೆ ಸೇರಲೆಂದು ಎನ್‌ಡಿಎ, ಸಿಡಿಎಸ್ ಪರೀಕ್ಷೆ ಬರೆದವರೂ ಅವರಲ್ಲಿದ್ದಾರೆ. ಆಗಲಿಲ್ಲ. ಕ್ಯಾಂಪಸ್‌ನಲ್ಲಿ ನೌಕರಿ ಸಿಕ್ಕಿತು, ಫ್ಲ್ಯಾಟಿನ ಕಂತು ಶುರುವಾಯಿತು. ಈ ಕರಪತ್ರ ಅವರಿಗೆ.

ನೌಕರಿ ಮಾಡುತ್ತಲೇ ಸೇವೆ ಸಲ್ಲಿಸಬಹುದಾದ ಟೆರಿಟೋರಿಯಲ್ ಆರ್ಮಿಯ (ಟಿಎ) ಅಧಿಕಾರಿಯಾಗಲು ವಯಸ್ಸು 18ರಿಂದ 42. ಯಾವುದಾದರೂ ಪದವಿ ಸಾಕು. ಮುಂದಿನದನ್ನು ಎರಡು ಸಲ ಓದಿ: ಕೈಯಲ್ಲೊಂದು ದುಡಿಮೆ ಇರಲೇಬೇಕು! ಇಂಜಿನಿಯರ್, ವಕೀಲ, ಅಂಗಡಿ ಮಾಲೀಕ, ಯಾರಾದರೂ ಸರಿ; ಹೆಣ್ಣುಮಕ್ಕಳಿಗೂ ಅವಕಾಶವಿದೆ. 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟಿಸಿದ ಈ ಪಡೆ ನಿಂತಿರುವುದೇ ದುಡಿಯುವ ನಾಗರಿಕರ ಮೇಲೆ. (ಕ್ರಿಕೆಟಿಗ ಧೋನಿಯವರಿಗೆ ಇದರಲ್ಲಿರುವುದು ಗೌರವ ಹುದ್ದೆ. ನೀವು ಪರೀಕ್ಷೆ ಬರೆಯಬೇಕು, ಎಸ್‌ಎಸ್‌ಬಿ ಸಂದರ್ಶನ ಗೆಲ್ಲಬೇಕು.)

ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ವರ್ಷಕ್ಕೆ ಎರಡು ತಿಂಗಳ ಶಿಬಿರ, ಮೊದಲೆರಡು ವರ್ಷದೊಳಗೆ ಮೂರು ತಿಂಗಳ ಇನ್ನೊಂದು ತರಬೇತಿ. ಇದಕ್ಕೆ ರಜೆ ಕೇಳಿದರೆ ಮ್ಯಾನೇಜರ್ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ದಿನ ನಿನ್ನ ಕೆಲಸ ಯಾರು ನೋಡ್ತಾರೆ?" ಹೆರಿಗೆಗೆ 26 ವಾರ ರಜೆ ಕೊಟ್ಟರೂ ಕಂಪನಿಯ ಪ್ರಾಜೆಕ್ಟ್ ನಿಂತಿಲ್ಲ, ಆನ್‌ಸೈಟಿಗೆಂದು ವರ್ಷಗಟ್ಟಲೆ ಜನರನ್ನು ಕಳಿಸಿದಾಗಲೂ ನಿಂತಿಲ್ಲ. ದೇಶಕ್ಕೆಂದು ಎರಡು ತಿಂಗಳು ಹೋದರೆ ನಿಲ್ಲುತ್ತದೆಯೇ? ಸೇನಾ ಸೇವೆಗೆ ಕರೆಸಿಕೊಂಡವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವುದು ಮಾಲೀಕರ ಕರ್ತವ್ಯ ಎಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯೇ ಹೇಳುತ್ತದೆ. ಎಚ್‌ಆರ್ ಮುಂದೆ ಕೈಕಟ್ಟಿ ನಿಲ್ಲಬೇಡಿ, ಕಾಯ್ದೆಯ ಪ್ರತಿ ಹಿಡಿದು ಕುಳಿತು ಮಾತಾಡಿ.

ಸುಳ್ಳು ಆಸೆ ಹುಟ್ಟಿಸಲಾರೆವು. ಇದು ಕಾಯಂ ನೌಕರಿಯಲ್ಲ. ಸಮವಸ್ತ್ರದಲ್ಲಿದ್ದಷ್ಟು ದಿನಕ್ಕೆ ಮಾತ್ರ ಸಂಬಳ. ಪಿಂಚಣಿ ನಂಬಿ ಬರಬೇಡಿ. ಶಿಬಿರ ಮುಗಿಸಿ ಮನೆಗೆ ಬಂದರೆ ಮುಗಿಯಿತು ಅಂತಲೂ ಅಲ್ಲ. 2025ರ ಮೇ ತಿಂಗಳಲ್ಲಿ ಇದರ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ಸೇವೆಗೆ ಇಳಿಸಲು ಕೇಂದ್ರ ಅನುಮತಿ ಕೊಟ್ಟಿತ್ತು. ಕರೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿ ಹೊರಡಲೇಬೇಕು. ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ದೂರ ಹುಡುಕಬೇಕಾಗಿಲ್ಲ. ದಕ್ಷಿಣ ಕಮಾಂಡಿನ ಟಿಎ ಗ್ರೂಪ್ ಕೇಂದ್ರ ಕಚೇರಿ ಪುಣೆಯಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ 101ನೇ ಟಿಎ ಬೆಟಾಲಿಯನ್ ಕೂಡ ಇಲ್ಲಿಯದೇ. ಆ ರೆಜಿಮೆಂಟಿನ ಕೇಂದ್ರವಂತೂ ನಮ್ಮ ಬೆಳಗಾವಿಯಲ್ಲಿದೆ.

ಇವತ್ತೇ ನಿಮ್ಮ ಕಂಪನಿಯ ರಜೆ ನಿಯಮ ತೆರೆದು ಸೇನಾ ಸೇವೆಯ ಪ್ರಸ್ತಾಪ ಇದೆಯೇ ನೋಡಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಎಚ್‌ಆರ್‌ಗೆ ಬರೆಯಿರಿ. ಅಧಿಸೂಚನೆಯನ್ನು ಅಧಿಕೃತ ಜಾಲತಾಣದಲ್ಲೇ ಓದಿ, ಅರ್ಜಿ ನೀವೇ ತುಂಬಿ. "ಸೀಟು ಕೊಡಿಸ್ತೀನಿ" ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

– ವಾಕಡದ ಕನ್ನಡ ಗೆಳೆಯರು