ಕಾವೇರಿ ತೀರದ ಪರದೇಶಿ ಸಮಾಧಿಗಳು



ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಮೇಲೆ ಬ್ರಿಟಿಷ್ ದಂಡಿನ ಹಳೆಯ ರುದ್ರಭೂಮಿಯೊಂದಿದೆ. ಅಲ್ಲಿರುವುದು ಸುಮಾರು 300 ಸಮಾಧಿಗಳು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬಿದ್ದಿತು. ಆ ಬಳಿಕ ದಂಡು ಇಲ್ಲಿ ನೆಲೆನಿಂತಿತು. ಇದನ್ನು ಶತ್ರುಗಳ ಸ್ಮಶಾನವೆಂದು ಕಡೆಗಣಿಸುವುದುಂಟು. ನಾನು ಒಪ್ಪಲಾರೆ. ಅಲ್ಲಿ ಅಧಿಕಾರಿಗಳಷ್ಟೇ ಅಲ್ಲ, ಅವರ ಮಡದಿಯರೂ ಹಸುಗೂಸುಗಳೂ ಮಲಗಿದ್ದಾರೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಳದವರೂ ಇದ್ದಾರೆ. ಆ ದಳ ಡಚ್ಚರ ಸಂಬಳ ಉಂಡು, 1795ರಲ್ಲಿ ಬ್ರಿಟಿಷರ ಸೇವೆಗೆ ಸೇರಿದ್ದು. ಅವರಿಗೆ ಶತ್ರು ಯಾರು, ಮಿತ್ರ ಯಾರು? ಕೂಲಿಗೆ ಬಂದರು, ಮಣ್ಣಾದರು.

ಈ ದ್ವೀಪದ ಜ್ವರಬಾಧೆ ತಾಳಲಾರದೆ 1809ರಲ್ಲಿ ದಂಡು ಬೆಂಗಳೂರಿಗೆ ತೆರಳಿತು. ಸಮಾಧಿಗಳು ಉಳಿದವು, ಕ್ರಮೇಣ ಪಾಳುಬಿದ್ದವು. 2000ರ ದಶಕದ ಕೊನೆಯಲ್ಲಿ ಜೀರ್ಣೋದ್ಧಾರಕ್ಕೆ ಕೈಹಚ್ಚಿದವರು ದೂರದೇಶದ ಡಿ ಮ್ಯೂರಾನ್ ವಂಶಸ್ಥರು! ಸತ್ತವರನ್ನು ಮಣ್ಣಿಗೇ ಒಪ್ಪಿಸುವ ನಮಗೆ ಇದು ಕೊಂಚ ನಾಚಿಕೆಯ ಸಂಗತಿಯೇ.

ಅದೇ ದಿನ ಕೋಟೆಯೊಳಗೆ ಮಡಿದ ನಮ್ಮ ಸಿಪಾಯಿಗಳಿಗೆ ಹೀಗೆ ಸಾಲುಸಾಲಾಗಿ ಹೆಸರು ಕೆತ್ತಿದ ಕಲ್ಲುಗಳಿಲ್ಲ. ಆ ನೋವು ನನಗೂ ಉಂಟು. ಆದರೆ ಆ ಋಣವನ್ನು ಯಾರದೋ ಕೂಸಿನ ಗೋರಿಯ ಮೇಲೆ ತೀರಿಸಿಕೊಳ್ಳುವುದೆ? ರಂಗನಾಥನ ದರ್ಶನಕ್ಕೆ ಹೋದವರು ಹಿಂದಿರುಗುವಾಗ ಹತ್ತು ನಿಮಿಷ ಅಲ್ಲಿಯೂ ನಿಂತು ಬನ್ನಿರಿ.